ಮನೆಯೊಳಗಿನ ತಂತಿಜಾಲ ಮತ್ತು ಶುಶ್ರೂಷೆ

ಸಂಸ್ಕೃತದ ‘ತಂತ್ರೀ’ ಶಬ್ದದ ತದ್ಭವವೇ ಕನ್ನಡದ ‘ತಂತಿ’. ಮೊದಲು ಅದು ವೀಣೆಯ ಮೇಲಿದ್ದು ನಾದವನ್ನು ಕೊಟ್ಟಿತು. ಅನಂತರ ಕಂಬವನ್ನೇರಿ ವಾರ್ತೆಯನ್ನು ಹೊತ್ತಿತು; ‘ತಂತಿ ಬಂದಿದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಆ ಸೇವೆ 2013ರ ಜುಲೈ ತಿಂಗಳಿನಲ್ಲಿ ಈ ದೇಶದಲ್ಲಿ ಮುಕ್ತಾಯವಾಯಿತು. ವಿದ್ಯುತ್ತಿನ ತಂತಿಯಾದರೋ ಕತ್ತಲೆಯ ಮನೆಗೆ ಬೆಳಕನ್ನು ತಂದಿತು. ಈಗ ಮನೆಗಳ ಗೋಡೆಯೊಳಗೆ ಹೊಸದೊಂದು ತಂತಿ ಪ್ರವೇಶಿಸುತ್ತಿದೆ. ನಾದ, ವಾರ್ತೆ, ಚಿತ್ರ ಮೂರನ್ನೂ ಅದು ಏಕಕಾಲದಲ್ಲಿ ಒಯ್ಯಬಲ್ಲದು. ತಕ್ಕ ಉಪಕರಣವಿದ್ದರೆ ಸಣ್ಣ ಯಂತ್ರಗಳಿಗೆ ಬೇಕಾದ ವಿದ್ಯುತ್ತನ್ನೂ ಒಯ್ಯಬಲ್ಲದು. ಹಿಂದಿನ ಮೂರು ತಂತಿಗಳ ಧರ್ಮವೂ ಒಂದರಲ್ಲೇ ಸೇರಿದ ಈ ವಸ್ತುವನ್ನು ಮನೆಗೆ ಬರಮಾಡಿಕೊಳ್ಳುವ ಮೊದಲು ಅದರ ಪ್ರಯೋಜನವನ್ನು ವಿಚಾರಿಸುವುದು ಗೃಹಸ್ಥರ ಕರ್ತವ್ಯವಾಗಿದೆ.

ಈ ವಿಚಾರ ಪಟ್ಟಣಿಗರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಕಡೂರಿನಲ್ಲಿ ಹೊಸ ಮನೆ ಕಟ್ಟಿಸುವವರು, ತರೀಕೆರೆಯ ಅಡಿಕೆ ತೋಟದ ಹಳೆಯ ತೊಟ್ಟಿಮನೆಯನ್ನು ದುರಸ್ತಿ ಮಾಡಿಸುವವರು, ಅಜ್ಜಂಪುರದಲ್ಲಿ ಅಂಗಡಿಯ ಮೇಲೆ ಮಹಡಿ ಎಬ್ಬಿಸುವವರು, ಎಲ್ಲರ ಮುಂದೂ ಈ ಪ್ರಶ್ನೆ ಬಂದು ನಿಂತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು, “ಅಪ್ಪಾಜಿ, ಗೋಡೆಗೆ ಗಾರೆ ಮಾಡಿಸುವ ಮೊದಲೇ ಕೋಣೆಗೊಂದು ಕೇಬಲ್ ಎಳೆಸಿಬಿಡಿ, ಆಮೇಲೆ ಗೋಡೆ ಒಡೆಸಬೇಕಾದೀತು” ಎನ್ನುತ್ತಾನೆ. “ಕೋಣೆಕೋಣೆಗೂ ಸಿನಿಮಾ ಬಂದರೆ ಒಬ್ಬರ ಮುಖ ಒಬ್ಬರು ನೋಡುವುದು ಯಾವಾಗಪ್ಪ?” ಎಂದು ತಂದೆ ಆಕ್ಷೇಪಿಸುತ್ತಾರೆ. ಮಗನ ಮಾತಿನಲ್ಲಿ ಯಂತ್ರದ ವಿವೇಕವಿದೆ. ತಂದೆಯ ಮಾತಿನಲ್ಲಿ ಮನೆತನದ ವಿವೇಕವಿದೆ. ಎರಡನ್ನೂ ಹೊಂದಿಸುವ ಮಾರ್ಗವಿಲ್ಲವೆಂದು ಭಾವಿಸುವುದೇ ತಪ್ಪು.

ತಂದೆಯ ಆಕ್ಷೇಪಕ್ಕೆ ಹಿನ್ನೆಲೆಯುಂಟು. ಕನ್ನಡನಾಡಿನಲ್ಲಿ ಶ್ರವಣವೆಂಬುದು ಬಹುಕಾಲ ಸಾಮೂಹಿಕ ಕ್ರಿಯೆಯಾಗಿತ್ತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವನ್ನಿರಿಸಿ ಬಾನುಲಿಯನ್ನು ಆರಂಭಿಸಿದರು. ಒಂದು ಮನೆಯಲ್ಲಿ ಹುಟ್ಟಿದ ಧ್ವನಿ ಹಲವು ಮನೆಗಳಿಗೆ ಹಂಚಿಕೆಯಾದುದು ಹಾಗೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆದ ಮೇಲೆ ನೆರೆಯ ತರೀಕೆರೆಯ ಕಡೆಯ ಜಗಲಿಗಳಲ್ಲಿ ರೇಡಿಯೋ ನಿತ್ಯದ ಸಂಗಾತಿಯಾಯಿತು. ರೇಡಿಯೋ ಇದ್ದ ಮನೆಯವನು ಅದರ ಧ್ವನಿಯನ್ನು ತುಸು ಎತ್ತರಿಸಿದರೆ ಅಕ್ಕಪಕ್ಕದ ನಾಲ್ಕು ಮನೆಗೆ ಕೃಷಿವಾರ್ತೆಯೂ ಭಾವಗೀತೆಯೂ ಬಿಟ್ಟಿಯಾಗಿ ತಲುಪುತ್ತಿದ್ದವು. ದೂರದರ್ಶನದ ಆರಂಭವೂ ಹೀಗೆಯೇ. 1975ರ ಆಗಸ್ಟಿನಿಂದ ಒಂದು ವರ್ಷಕಾಲ ಉಪಗ್ರಹದ ಮೂಲಕ ಬೋಧನಾ ದೂರದರ್ಶನದ ಪ್ರಯೋಗ ನಡೆದಾಗ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದರಂತೆ ಪೆಟ್ಟಿಗೆಯನ್ನಿಟ್ಟರು. ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಲ್ಲಿಂದೀಚೆಗೆ ಅರ್ಧಶತಮಾನ ಕಳೆಯುವಷ್ಟರಲ್ಲಿ ಊರಿಗೊಂದಿದ್ದ ಪೆಟ್ಟಿಗೆ ಮನೆಗೊಂದಾಗಿ, ಮನೆಗೊಂದಿದ್ದುದು ಅಂಗೈಗೊಂದಾಗಿದೆ.

ಆದುದರಿಂದ ಗೋಡೆಯೊಳಗಿನ ತಂತಿ ಮನೆಯನ್ನು ಒಡೆಯುತ್ತದೆಯೆಂಬ ಭಯ ಈಗ ಕಾಲಾತೀತವಾದುದು. ಒಡಕು ತಂತಿಗಿಂತ ಮೊದಲೇ ಬಂದಿದೆ. ಅಜ್ಜಿ ಕೋಣೆಯಲ್ಲಿ, ಮೊಮ್ಮಗ ಅಟ್ಟದ ಮೇಲೆ, ಸೊಸೆ ಅಡುಗೆಮನೆಯಲ್ಲಿ, ಯಜಮಾನರು ಜಗಲಿಯಲ್ಲಿ, ತಮ್ಮ ತಮ್ಮ ಕೈಯ ಫೋನಿನೊಳಗೆ ಮುಳುಗಿರುವುದು ಈಗಿನ ಸಾಮಾನ್ಯ ದೃಶ್ಯ. ಒಬ್ಬೊಬ್ಬರಿಗೂ ಪ್ರತ್ಯೇಕವಾದ ಬುಗ್ಗೆ. ಮನೆಗೆಂದು ಒಂದು ಬಾವಿಯಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲ ಕೋಣೆಗಳನ್ನೂ ಒಂದೇ ಮೂಲಕ್ಕೆ ಜೋಡಿಸುವ ತಂತಿಜಾಲವು, ಸರಿಯಾಗಿ ಯೋಜಿಸಿದರೆ, ಒಡೆದುದನ್ನು ಕೂಡಿಸುವ ಸಾಧನವಾಗಬಲ್ಲದು. ‘ಸರಿಯಾಗಿ ಯೋಜಿಸಿದರೆ’ ಎಂಬ ನಿಬಂಧನೆಯಲ್ಲೇ ಎಲ್ಲ ಅಡಗಿದೆ.

ಈ ಯೋಜನೆಯ ತತ್ತ್ವವನ್ನು ತಿಳಿಯಲು ಕಡೂರು ಸೀಮೆಯವರು ಬೇರೆಲ್ಲಿಗೂ ಹೋಗಬೇಕಾದುದಿಲ್ಲ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯ ಮೇಲೆ ನಿಂತರೆ ಸಾಕು. ಬೆಟ್ಟದ ನೀರು ಕೆರೆಯಲ್ಲಿ ಸಂಗ್ರಹವಾಗುತ್ತದೆ. ತೂಬಿನಿಂದ ಹೊರಟು ಕಾಲುವೆಗಳಾಗಿ ಕವಲೊಡೆದು ಅಚ್ಚುಕಟ್ಟಿನ ಗದ್ದೆಗಳನ್ನು ಸೇರುತ್ತದೆ. ಯಾವ ಗದ್ದೆಗೆ ಯಾವಾಗ ಎಷ್ಟು ಎಂಬುದನ್ನು ನೋಡಿಕೊಳ್ಳಲು ಹಿಂದೆ ನೀರುಗಂಟಿಯಿದ್ದನು. ಮನೆಯ ಜಾಲದಲ್ಲಿಯೂ ಇದೇ ವ್ಯವಸ್ಥೆ. ಹಾಡು, ಭಾಷಣ, ಚಲನಚಿತ್ರ, ಛಾಯಾಚಿತ್ರಗಳನ್ನು ಕೂಡಿಟ್ಟಿರುವ ಹಾರ್ಡ್ ಡಿಸ್ಕುಳ್ಳ ಯಂತ್ರವೇ ಕೆರೆ. ಅದನ್ನು ಸರ್ವರ್ ಎನ್ನುತ್ತಾರೆ. ಅದರಿಂದ ಬಂದ ಮಾಹಿತಿಯನ್ನು ಬೇಕಾದ ಕೋಣೆಗೆ ಮಾತ್ರ ತಿರುಗಿಸುವ ಸ್ವಿಚ್ ಎಂಬ ಪೆಟ್ಟಿಗೆಯೇ ನೀರುಗಂಟಿ. ಕೋಣೆಗಳಿಗೆ ಹರಿಯುವ ಕೇಬಲುಗಳು ಕಾಲುವೆಗಳು. ಹೊರಗಿನ ಅಂತರಜಾಲದಿಂದ ಮನೆಗೆ ದಾರಿ ಮಾಡಿಕೊಡುವ ರೂಟರ್, ಕೆರೆಯನ್ನು ಸೇರುವ ಹಳ್ಳದ ಬಾಯಿಯಂತೆ. ಸರ್ವರಿಗಾಗಿ ಭಾರಿ ಯಂತ್ರ ಬೇಕಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಗಣಕಯಂತ್ರವೂ ಸಾಲುತ್ತದೆ. ಜೆಲ್ಲಿಫಿನ್ ಎಂಬಂಥ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

‘ವೈಫೈ ಇರುವಾಗ ತಂತಿಯೇಕೆ?’ ಎಂಬ ಪ್ರಶ್ನೆ ಸಹಜವಾದುದು. ತಂತಿಯಿಲ್ಲದ ಸಂಪರ್ಕ ಗಾಳಿಯಲ್ಲಿ ಹೋಗುವ ರೇಡಿಯೋ ತರಂಗ. ಹಳೆಯ ಮನೆಗಳ ಮೊಳದಗಲದ ಮಣ್ಣುಗೋಡೆ, ಕಲ್ಲುಗೋಡೆಗಳನ್ನು ದಾಟುವಾಗ ಅದು ಕ್ಷೀಣಿಸುತ್ತದೆ. ಹೆಚ್ಚು ವೇಗದ 5 ಗಿಗಾಹರ್ಟ್ಸ್ ತರಂಗವಂತೂ 2.4 ಗಿಗಾಹರ್ಟ್ಸಿನ ತರಂಗಕ್ಕಿಂತ ಬೇಗನೆ ಸೋಲುತ್ತದೆ. ಮೇಲಾಗಿ ಒಂದು ವೈಫೈಯನ್ನು ಆಶ್ರಯಿಸಿದವರೆಲ್ಲರೂ ಅದೇ ಹಾದಿಯನ್ನು ಹಂಚಿಕೊಳ್ಳಬೇಕು. ತಂತಿಯಲ್ಲಾದರೋ ಕೋಣೆಗೊಂದು ಪ್ರತ್ಯೇಕ ಹಾದಿ. ‘ಕ್ಯಾಟ್ 6’ ಎಂದು ಗುರುತಿಸುವ ಕೇಬಲಿನೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಹೊರಗಿನಿಂದ ತಾಗುವ ವಿದ್ಯುತ್ ಗದ್ದಲವು ಜೋಡಿಯ ಎರಡೆಳೆಗಳಿಗೂ ಸಮನಾಗಿ ತಾಗಿ, ಕೊನೆಯಲ್ಲಿ ಪರಸ್ಪರ ಕಳೆದುಹೋಗಲೆಂದೇ ಈ ಹೆಣಿಗೆ. ಇಂಥ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಮಾಹಿತಿಯನ್ನು ಒಯ್ಯುತ್ತದೆ. ಅತಿ ಸ್ಪಷ್ಟವಾದ ಚಲನಚಿತ್ರಕ್ಕೂ ಸಾಮಾನ್ಯವಾಗಿ ಸೆಕೆಂಡಿಗೆ 25 ಮೆಗಾಬಿಟ್ ಸಾಕು. ನಾಲ್ಕು ಕೋಣೆಗಳಲ್ಲಿ ನಾಲ್ಕು ಚಿತ್ರಗಳು ನಡೆದರೂ 100 ಮೆಗಾಬಿಟ್ ಆಯಿತು. ತಂತಿಯ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲು. ಹಾಡಿಗಾದರೆ ಅದರಲ್ಲಿಯೂ ಅಲ್ಪಾಂಶ. ಕೈಯಲ್ಲಿ ಹಿಡಿದು ತಿರುಗುವ ಫೋನಿಗೆ ವೈಫೈ ಇರಲಿ. ನಿಂತಲ್ಲೇ ನಿಲ್ಲುವ ಟಿ.ವಿ., ಧ್ವನಿವರ್ಧಕ, ಸರ್ವರುಗಳಿಗೆ ತಂತಿಯೇ ಯುಕ್ತ.

ತಂತಿಯನ್ನು ಎಳೆಸುವಾಗ ಗಮನಿಸಬೇಕಾದ ಅಂಶಗಳು ಹಲವಾರಿವೆ. ಎಲ್ಲ ಕೋಣೆಗಳ ತಂತಿಗಳೂ ಪಡಸಾಲೆಯಲ್ಲೋ ಉಗ್ರಾಣದಲ್ಲೋ ಒಂದೇ ಸ್ಥಳಕ್ಕೆ ಬಂದು ಸೇರಬೇಕು. ಒಂದು ಕೋಣೆಯಿಂದ ಮತ್ತೊಂದಕ್ಕೆ ಸರಪಣಿಯಂತೆ ಎಳೆದರೆ ನಡುವೆ ಒಂದು ಕೊಂಡಿ ಕೆಟ್ಟೊಡನೆ ಮುಂದಿನವೆಲ್ಲ ಮೂಕವಾಗುತ್ತವೆ. ತಂತಿಯನ್ನು ನೇರವಾಗಿ ಗಾರೆಯೊಳಗೆ ಹುದುಗಿಸದೆ ಪೈಪಿನೊಳಗೆ ಹಾಯಿಸಬೇಕು. ಇಲಿಯ ಹಲ್ಲಿಗೂ ಮಳೆಗಾಲದ ತೇವಕ್ಕೂ ಅದೇ ರಕ್ಷೆ, ಮುಂದೆ ಹೊಸ ತಂತಿ ಎಳೆಯಲು ಅದೇ ದಾರಿ. 230 ವೋಲ್ಟಿನ ವಿದ್ಯುತ್ ತಂತಿಯೊಡನೆ ಇದನ್ನು ಒಂದೇ ಪೈಪಿನಲ್ಲಿ ಎಂದಿಗೂ ಕೂಡಿಸಲಾಗದು. ಎರಡೂ ಅಡ್ಡ ಹಾಯಲೇಬೇಕಾದ ಕಡೆ ಶಿಲುಬೆಯಾಕಾರವಾಗಿ ಹಾಯಬೇಕು. ಅಗ್ಗವೆಂದು ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ತಂತಿಯನ್ನು ಕೊಂಡವರು ಎರಡು ಸಲ ಖರ್ಚು ಮಾಡುವರು. ಶುದ್ಧ ತಾಮ್ರವನ್ನೇ ಕೇಳಿ ಪಡೆಯಬೇಕು. ಮನೆಯಿಂದ ತೋಟದ ಮನೆಗೋ ಅಡಿಕೆ ಸುಲಿಯುವ ಚಪ್ಪರದ ಬಳಿಯ ಕೋಣೆಗೋ ಸಂಪರ್ಕ ಬೇಕಾದರೆ ಬಯಲಿನಲ್ಲಿ ತಾಮ್ರದ ತಂತಿ ಎಳೆಯುವುದು ಸಿಡಿಲಿಗೆ ಆಹ್ವಾನವಿತ್ತಂತೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯನ್ನು ಬಲ್ಲ ಈ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಅಲ್ಲಿಗೆ ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ಯೋಗ್ಯ. ಅದರೊಳಗೆ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ಎರೆಮಣ್ಣಿನ ನೆಲದಲ್ಲಾದರೆ ಗಟ್ಟಿಯಾದ ಪೈಪನ್ನು ಆಳವಾಗಿ ಹೂಳಿಸಬೇಕು.

ಇಷ್ಟೂ ಕಾಲುವೆಯ ವಿಷಯವಾಯಿತು. ಆದರೆ ಕಾಲುವೆಗಳನ್ನು ಎಷ್ಟೇ ನಿಪುಣತೆಯಿಂದ ತೋಡಿಸಿದರೂ ಕೆರೆಯಲ್ಲಿ ನೀರಿಲ್ಲದಿದ್ದರೆ ಫಲವೇನು? ಇಲ್ಲಿಯೇ ಬಹುಮಂದಿ ಎಡವುತ್ತಿದ್ದಾರೆ. ಸಾವಿರಾರು ರೂಪಾಯಿ ವೆಚ್ಚಮಾಡಿ ಕೋಣೆಕೋಣೆಗೂ ತಂತಿ ಎಳೆಸಿ, ಅವುಗಳಲ್ಲಿ ಹೊರಗಿನ ಕಂಪನಿಗಳ ಸಿನಿಮಾಗಳನ್ನಷ್ಟೇ ಹರಿಸಿ ತೃಪ್ತರಾಗುತ್ತಾರೆ. ಹೊರಗಿನ ಪ್ರವಾಹವನ್ನು ನಿಂದಿಸಬೇಕಾದುದಿಲ್ಲ. 2011ರಲ್ಲಿ ಅಂಗೀಕಾರ ಪಡೆದು ಅನಂತರ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಉದ್ದೇಶ ಗ್ರಾಮ ಪಂಚಾಯಿತಿಗಳವರೆಗೆ ಆಪ್ಟಿಕಲ್ ತಂತುವನ್ನು ಒಯ್ಯುವುದೇ ಆಗಿದೆ, ಅದು ಸ್ವಾಗತಾರ್ಹ. ಆದರೆ ನಾಲೆಯ ನೀರು ದೂರದ ಅಣೆಕಟ್ಟಿನವರು ಬಿಟ್ಟಾಗ ಬರುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಯನ್ನು ನಂಬಿ ಬೆಳೆಯಿಟ್ಟವರು ಇದನ್ನು ಬಲ್ಲರು. ತಿಂಗಳ ಚಂದಾ ಸಲ್ಲಿಸಿ ಕೇಳುವ ಹಾಡು ಚಂದಾ ನಿಂತ ದಿನ ನಿಲ್ಲುತ್ತದೆ. ಕಂಪನಿಯ ಒಪ್ಪಂದ ಮುಗಿದರೆ ಚಂದಾ ಇದ್ದರೂ ಕಾಣೆಯಾಗುತ್ತದೆ. ಮನೆಯ ಸರ್ವರಿನಲ್ಲಿರುವ ಹಾಡು ಹೊರಗಿನ ತಂತಿ ಕಡಿದುಹೋದ ರಾತ್ರಿಯೂ ಎಲ್ಲ ಕೋಣೆಗಳಲ್ಲಿ ಕೇಳಿಸುತ್ತದೆ. ಮನೆಯೊಳಗಿನ ಜಾಲಕ್ಕೆ ಹೊರಗಿನ ಅಂತರಜಾಲದ ಹಂಗಿಲ್ಲ.

ಹಾಗಾದರೆ ಆ ಕೆರೆಯನ್ನು ಯಾವುದರಿಂದ ತುಂಬಿಸಬೇಕು? ಉತ್ತರ ಅನೇಕ ಮನೆಗಳ ಅಟ್ಟದ ಮೇಲೆ, ತುಕ್ಕುಹಿಡಿದ ಟ್ರಂಕಿನೊಳಗಿದೆ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ಮುಂದಿನ ಎರಡು ದಶಕಗಳಲ್ಲಿ ಹಳ್ಳಿಹಳ್ಳಿಯನ್ನೂ ಹೊಕ್ಕಿತು. ಗಲ್ಫ್ ದೇಶದಿಂದ ಬಂದ ನೆಂಟರ ಟೇಪ್‌ರೆಕಾರ್ಡರಿನಲ್ಲಿ ಮದುವೆಮನೆಯ ಸೋಬಾನೆ ಪದ ಅಚ್ಚಾಯಿತು. ತಾತನ ಗಮಕವಾಚನ ಅಚ್ಚಾಯಿತು. ತೊಟ್ಟಿಲ ಮಗುವಿಗೆ ಅಜ್ಜಿ ಹಾಡಿದ ಜೋಗುಳ, ನಡುವೆ ಕೊಟ್ಟಿಗೆಯಿಂದ ಕೇಳಿಬಂದ ಕರುವಿನ ಕೂಗು, ‘ಸುಮ್ಮನಿರ್ರೋ’ ಎಂದು ಮಕ್ಕಳನ್ನು ಗದರಿದ ಯಾರದೋ ಮಾತು, ಎಲ್ಲವೂ ಅಚ್ಚಾದವು. ಮದಗದ ಕೆರೆಗೆ ಬಂದ ಮಳೆಯನ್ನು ಹಾಡುವ ಜನಪದಗೀತೆಯನ್ನು ಕಡೂರು ಸೀಮೆಯ ಜನ ತಮ್ಮದೆಂದೇ ಅಭಿಮಾನದಿಂದ ಹಾಡುತ್ತಾರೆ. ಪ್ರಸಿದ್ಧ ಗಾಯಕರ ಕಂಠದಲ್ಲಿ ಅದು ಅಂತರಜಾಲದಲ್ಲಿ ಬೇಕಾದಷ್ಟು ದೊರೆಯುತ್ತದೆ. ಆದರೆ ನಾಟಿಯ ಗದ್ದೆಯಲ್ಲಿ ಹಾಡಿ ಕಲಿತ ಅಜ್ಜಿಯೊಬ್ಬಳು ತನ್ನ ಊರಿನ ಮಟ್ಟಿನಲ್ಲಿ, ತನ್ನ ಊರಿನ ಮಾತುಗಳನ್ನು ಸೇರಿಸಿ ಹಾಡಿದ ಪಾಠ ಜಗತ್ತಿನ ಯಾವ ಕಂಪನಿಯ ಭಂಡಾರದಲ್ಲಿಯೂ ಇಲ್ಲ. ಅದು ಇರುವುದು ಆ ಟ್ರಂಕಿನಲ್ಲಿ ಮಾತ್ರ. ಅಥವಾ ಇನ್ನೂ ಬದುಕಿರುವ ಆ ಅಜ್ಜಿಯ ಕಂಠದಲ್ಲಿ ಮಾತ್ರ.

ಹಸ್ತಪ್ರತಿಗಳ ಸಂಪಾದನೆಯಲ್ಲಿ ತೊಡಗಿದವರು ಒಂದು ಸತ್ಯವನ್ನು ಬಲ್ಲರು: ಪಾಠಭೇದವೆಂಬುದು ದೋಷವಲ್ಲ, ಸಂಪತ್ತು. ಒಂದೊಂದು ಪ್ರತಿಯೂ ಒಂದೊಂದು ಊರಿನ ಸಾಕ್ಷಿ. ಓಲೆಗರಿಯನ್ನು ಗೆದ್ದಲಿಗೆ ಒಪ್ಪಿಸಿದ ತಲೆಮಾರನ್ನು ಇಂದಿನವರು ದೂಷಿಸುತ್ತಾರೆ. ಧ್ವನಿಯ ಓಲೆಗರಿಯನ್ನು ಬೂಷ್ಟಿಗೆ ಒಪ್ಪಿಸುತ್ತಿರುವ ಇಂದಿನ ತಲೆಮಾರನ್ನು ನಾಳಿನವರು ಏನೆಂದಾರು? ಕ್ಯಾಸೆಟ್ಟಿನ ಸುರುಳಿಯ ಮೇಲಿನ ಕಾಂತೀಯ ಲೇಪ ತೇವದಲ್ಲಿ ಅಂಟಾಗುತ್ತದೆ, ಕೆಲವು ಕಡೆ ಉದುರುತ್ತದೆ, ಸುರುಳಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ, ಆ ಯಂತ್ರಗಳನ್ನು ದುರಸ್ತಿ ಮಾಡಬಲ್ಲ ಕೈಗಳೂ ವಿರಳವಾಗುತ್ತಿವೆ.

ಉಳಿಸುವ ಕೆಲಸ ಅಸಾಧ್ಯವೇನಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಧ್ವನಿಯ ಗುಣ ಕುಂದದಂತೆ ಗಣಕಕ್ಕೆ ಇಳಿಸಿದರೆ ಸುಮಾರು 600 ಮೆಗಾಬೈಟ್ ಸ್ಥಳ ಹಿಡಿಯುತ್ತದೆ. ನೂರು ಕ್ಯಾಸೆಟ್ಟುಗಳಿಗೆ ಸುಮಾರು 60 ಗಿಗಾಬೈಟ್. ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಸಾವಿರದ ಐನೂರಕ್ಕೂ ಮಿಕ್ಕಿ ಹಿಡಿಸುತ್ತವೆ. ಒಂದು ಮನೆತನದ ಧ್ವನಿಯೆಲ್ಲವೂ ಮಾಡದ ಗೂಡಿನಲ್ಲಿ ಅಡಗುವಷ್ಟು ಚಿಕ್ಕದು. ಆದರೆ ಒಂದೇ ಡಿಸ್ಕನ್ನು ನಂಬುವುದು ಏರಿಯನ್ನು ನೋಡಿಕೊಳ್ಳದೆ ಕೆರೆಯನ್ನು ನಂಬಿದಂತೆ. ಮೂರು ಪ್ರತಿಗಳಿರಬೇಕು; ಅವು ಎರಡು ಬಗೆಯ ಸಾಧನಗಳಲ್ಲಿರಬೇಕು; ಒಂದಾದರೂ ಬೇರೊಂದು ಊರಿನ ನೆಂಟರ ಮನೆಯಲ್ಲಿರಬೇಕು. ಒಂದೊಂದು ಧ್ವನಿಮುದ್ರಿಕೆಗೂ ಹಾಡಿದವರ ಹೆಸರು, ಊರು, ವರ್ಷ, ಸಂದರ್ಭಗಳನ್ನು ಕನ್ನಡದಲ್ಲಿ ಬರೆದಿಡಬೇಕು. ಹೆಸರಿಲ್ಲದ ಧ್ವನಿ ಎರಡು ತಲೆಮಾರಿನೊಳಗೆ ಅನಾಥವಾಗುತ್ತದೆ. ಹಾಡಿದವರ ಒಪ್ಪಿಗೆಯಿಲ್ಲದೆ ಮನೆಯ ಧ್ವನಿಯನ್ನು ಬೀದಿಗೆ ಹಂಚಬಾರದು. ಪರರ ಕೃತಿಗಳ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಮರೆಯಬಾರದು. ಮನೆಯವರು ಕೇಳುವುದು ಬೇರೆ, ಸಾರ್ವಜನಿಕರಿಗೆ ಹರಿಯಬಿಡುವುದು ಬೇರೆ.

ಇನ್ನು ತಂದೆಯ ಆಕ್ಷೇಪಕ್ಕೆ ಸಮಾಧಾನ. ಕೋಣೆಕೋಣೆಗೂ ತಂತಿ ಹೋಗಲಿ. ಏಕೆಂದರೆ ಹಾಸಿಗೆ ಹಿಡಿದ ಅಜ್ಜಿಗೆ ಪಡಸಾಲೆಗೆ ಬರುವ ಶಕ್ತಿಯಿಲ್ಲ, ಅಡುಗೆಮನೆಯಲ್ಲಿರುವ ಗೃಹಿಣಿಗೆ ಬಿಡುವಿಲ್ಲ. ಧ್ವನಿಯೇ ಅವರಲ್ಲಿಗೆ ಹೋಗುವುದು ನ್ಯಾಯ. ಆದರೆ ಎಲ್ಲಕ್ಕಿಂತ ದೊಡ್ಡ ಪರದೆಯೂ ಎಲ್ಲಕ್ಕಿಂತ ಉತ್ತಮವಾದ ಧ್ವನಿವರ್ಧಕವೂ ಪಡಸಾಲೆಯಲ್ಲಿರಲಿ. ದಿನಕ್ಕೊಂದು ಹೊತ್ತು, ಸಂಜೆಯ ದೀಪ ಹಚ್ಚುವ ವೇಳೆಯಾದೀತು, ಎಲ್ಲ ಕೋಣೆಗಳಲ್ಲಿ ಒಂದೇ ಹಾಡು ಕೇಳಿಬರಲಿ. ಎರಡು ಕೋಣೆಗಳ ಧ್ವನಿ ಸೆಕೆಂಡಿನ ಅಲ್ಪಾಂಶದಷ್ಟು ಹಿಂದುಮುಂದಾದರೂ ಪ್ರತಿಧ್ವನಿಯಂತೆ ಕಿವಿಗೆ ಕಟುವಾಗುತ್ತದೆ. ಆದುದರಿಂದ ಯಂತ್ರಗಳ ಗಡಿಯಾರಗಳನ್ನು ಪರಸ್ಪರ ಹೊಂದಿಸುವ ತಂತ್ರಾಂಶಗಳೂ ಬಂದಿವೆ. ಯಂತ್ರಗಳೇ ತಮ್ಮೊಳಗೆ ಕಾಲವನ್ನು ಹೊಂದಿಸಿಕೊಳ್ಳುವಾಗ ಮನೆಮಂದಿ ದಿನಕ್ಕೊಂದು ಗಳಿಗೆಯನ್ನು ಹೊಂದಿಸಿಕೊಳ್ಳಲಾರರೆ?

ನಮ್ಮ ಪೂರ್ವಿಕರು ಪಂಡಿತನನ್ನು ‘ಬಹುಶ್ರುತ’ನೆಂದು ಕರೆದರು, ಬಹಳವಾಗಿ ಓದಿದವನೆಂದಲ್ಲ, ಬಹಳವಾಗಿ ಕೇಳಿದವನೆಂದು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ ‘ಶುಶ್ರೂಷೆ’. ಹಿರಿಯರ, ರೋಗಿಗಳ ಸೇವೆಯೆಂಬ ಅರ್ಥದಲ್ಲಿ ಅದು ಇಂದು ರೂಢಿಯಲ್ಲಿದೆ. ಆದರೆ ಅದರ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಹಿರಿಯರ ಮಾತನ್ನು ಕೇಳಲು ಬಯಸುವುದೇ ಅವರಿಗೆ ಸಲ್ಲಿಸುವ ಮೊದಲ ಸೇವೆಯೆಂಬ ತಿಳಿವಳಿಕೆ ಆ ಒಂದು ಶಬ್ದದಲ್ಲಿ ಅಡಗಿದೆ. ಔಷಧ, ಪಥ್ಯ, ಹಾಸಿಗೆಗಳು ಆಮೇಲೆ ಬಂದವು.

ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ಕಲಿತು ದೂರದೂರದ ನಗರಗಳಲ್ಲಿ ಇದೇ ತಂತಿಜಾಲಗಳ ಉದ್ಯೋಗದಲ್ಲಿರುವ ತರುಣರು ಅನೇಕರಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರು ತಂದೆತಾಯಿಗಳಿಗೆ ಹೊಸ ಫೋನನ್ನು ತಂದುಕೊಡುತ್ತಾರೆ. ಅದರ ಬದಲು ಎರಡು ದಿನ ನಿಂತು, ಅಟ್ಟದ ಟ್ರಂಕನ್ನು ಇಳಿಸಿ, ಕ್ಯಾಸೆಟ್ಟಿನ ಬೂಷ್ಟನ್ನು ಒರೆಸಿ, ಅಜ್ಜಿಯ ಮುಂದೆ ಕುಳಿತು, “ಅಜ್ಜೀ, ಇನ್ನೊಂದು ಹಾಡಿ” ಎಂದು ಕೇಳಬಾರದೇಕೆ? ಅಧ್ಯಾಪಕರು ವಿದ್ಯಾರ್ಥಿಗಳಿಗೆ ಮನೆಯ ಹಿರಿಯರಿಂದ ಒಂದು ಹಾಡನ್ನೋ ಕಥೆಯನ್ನೋ ಧ್ವನಿಮುದ್ರಿಸಿ ತರುವ ಅಭ್ಯಾಸವನ್ನು ಕೊಡಬಹುದು. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದಂಶವನ್ನು ಇಂಥ ಸಂಗ್ರಹಕ್ಕೆ ಮೀಸಲಿಟ್ಟರೆ ಅದೂ ಕಟ್ಟಡವೇ. ಗಾರೆ ಹಚ್ಚುವ ಮೊದಲು ತಂತಿ ಎಳೆಸಬೇಕೆಂದು ಮಗನು ಅವಸರಪಡಿಸುವುದು ಸರಿಯೇ. ಆದರೆ ಗಾರೆಯನ್ನು ಒಡೆದಾದರೂ ತಂತಿಯನ್ನು ಮತ್ತೆ ಎಳೆಸಬಹುದು. ನಿಂತುಹೋದ ಕಂಠವನ್ನು ಮತ್ತೆ ಹಾಡಿಸಲಾಗದು. ಅವಸರಪಡಬೇಕಾದುದು ಅಲ್ಲಿ.